‘ಮುಂದುವರಿ’ ಒತ್ತದ ಮಾಸ್ತರು

ಟೈಪಿಂಗ್ ಮಾಸ್ತರ ಬಲಗೈ ತೋರುಬೆರಳಿನ ತುದಿ ಚಪ್ಪಟೆಯಾಗಿತ್ತು, ಬಡಿದು ಬಡಿದು ಸವೆದ ಮೊಳೆಯ ತಲೆಯ ಹಾಗೆ. ಆ ಮಧ್ಯಾಹ್ನ ಆ ಬೆರಳು ಮೌಸಿನಿಂದ ಗೇಣು ಮೇಲೆ ನಿಂತುಬಿಟ್ಟಿತ್ತು. ಪರದೆಯ ಮೇಲೆ ಕೆಂಪು ತ್ರಿಕೋನ, ಅದರ ಕೆಳಗೆ ‘ನಿಮ್ಮ ಸಂಪರ್ಕ ಸುರಕ್ಷಿತವಲ್ಲ’ ಎಂಬರ್ಥದ ಇಂಗ್ಲಿಷು. ನನ್ನ ತಲೆಯೊಳಗೆ ಪಟ್ಟಿ ಶುರುವಾಯಿತು. ಯಾರೋ ನನ್ನ ತಂಗಿಯ ಆಧಾರ್ ನಂಬರು ಕದಿಯುತ್ತಾರೆ. ಅದರ ಮೇಲೆ ಸಿಮ್ಮು ಕೊಳ್ಳುತ್ತಾರೆ. ಆ ಸಿಮ್ಮಿನಿಂದ ಯಾವ ಮಂತ್ರಿಗೋ ಬೆದರಿಕೆ ಹಾಕುತ್ತಾರೆ. ಪೊಲೀಸ್ ಜೀಪು ಅವಳ ಊರು ತಂಬ್ರಹಳ್ಳಿಗೆ ಬರುತ್ತದೆ. ಇಲ್ಲವೇ ಇದು ಸರ್ಕಾರದ ವೆಬ್‌ಸೈಟೇ ಅಲ್ಲ. ಸರ್ಕಾರದ್ದೇ ಆದರೂ ಕೆಟ್ಟು ಕೂತಿದೆ. ಕೆಡದಿದ್ದರೂ ಸಂಜೆ ಐದೂವರೆಗೆ ಮುಚ್ಚುತ್ತದೆ. ಅಂಗನವಾಡಿ ಕಾರ್ಯಕರ್ತೆ ಹುದ್ದೆಗೆ ಇವತ್ತೇ ಕಡೆಯ ದಿನ, ಬರುವ ವರ್ಷ ತಂಗಿಯ ವಯಸ್ಸು ಮೀರುತ್ತದೆ.

ಇವುಗಳಲ್ಲಿ ಒಂದೂ ಆಗಲಿಲ್ಲ. ನಾನು ಹೆದರಿದ್ದು ಈವರೆಗೆ ಯಾವುದೂ ಆಗಿಲ್ಲ. ಹಾಗಂತ ಹೆದರುವುದನ್ನು ಬಿಟ್ಟವನೂ ಅಲ್ಲ.

ಮಾಸ್ತರು ಕೊಟ್ಟೂರಿನಲ್ಲಿ ನಮ್ಮ ತಲೆಮಾರಿನ ಅರ್ಧ ಜನಕ್ಕೆ ಟೈಪಿಂಗ್ ಕಲಿಸಿದವರು. ನಾನು ಪಿಯು ಕಾಲೇಜಿನಲ್ಲಿ ಗುಮಾಸ್ತನಾಗಿ ಅನ್ನ ತಿನ್ನುತ್ತಿರುವುದು ಅವರು ಕೀಲಿಗಳ ಮೇಲೆ ಕರವಸ್ತ್ರ ಹೊದಿಸಿ, ‘ಕಣ್ಣು ಕಾಗದದ ಮ್ಯಾಲಿರ್ಲಿ, ಬೆರಳಿಗೆ ದಾರಿ ಗೊತ್ತೈತಿ’ ಎಂದು ಗದರಿಸಿದ್ದರಿಂದ. ಟೈಪ್‌ರೈಟರುಗಳ ಕಾಲ ಮುಗಿದ ಮೇಲೆ ಅದೇ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರು, ಒಂದು ಪ್ರಿಂಟರು ಇಟ್ಟು ಆನ್‌ಲೈನ್ ಅರ್ಜಿ ತುಂಬಲು ಕೂತರು. ಹೊರಗಿನ ಬೋರ್ಡು ಮಾತ್ರ ಬದಲಾಗಲಿಲ್ಲ.

ಅವರದೊಂದು ಪದ್ಧತಿ. ಪರದೆ ಕೆಂಪಾಯಿತೆಂದರೆ ಮೊದಲು ಕೈ ಎತ್ತುವರು. ಆಮೇಲೆ ಕುರ್ಚಿಯನ್ನು ಗಿರಾಕಿಯ ಕಡೆ ತಿರುಗಿಸಿ, ಬಂದ ಎಚ್ಚರಿಕೆಯನ್ನು ಒಂದೊಂದೇ ಸಾಲು ಕನ್ನಡ ಮಾಡಿ ಹೇಳುವರು. “ನೋಡ್ರಿ, ಪ್ರತಿ ವೆಬ್‌ಸೈಟಿಗೂ ಒಂದು ಗುರ್ತಿನ ಚೀಟಿ ಇರ್ತೈತಿ. ಈ ಬ್ರೌಸರ್ ಬಾಗಲಾಗ ನಿಂತು ಅದನ್ನ ನೋಡಿ ಒಳಗ ಬಿಡತೈತಿ. ಈಗ ಚೀಟಿ ಸರಿ ಇಲ್ಲ ಅನ್ನಾಕತ್ತೈತಿ.”

ಅರ್ಜಿಗೆಂದು ಬಂದವರಿಗೆ ಈ ಪುರಾಣ ಯಾಕೆ ಬೇಕು? ಮಾಗಳದಿಂದ ಬಂದ ಒಬ್ಬ ರೇಗಿಯೇಬಿಟ್ಟಿದ್ದ. “ಕೆಳಗ ‘ಮುಂದುವರಿ’ ಅಂತ ಐತಲ್ರಿ ಮಾಸ್ತರ, ಒತ್ತಿ ಬಿಡ್ರಿ. ಎದುರಿನ ಅಂಗಡ್ಯಾಗ ಕಣ್ಣು ಮುಚ್ಚಿ ಒತ್ತತಾರ.”

“ಕಣ್ಣು ಮುಚ್ಚಿ ಟೈಪ್ ಮಾಡಬೋದಪಾ, ಕಣ್ಣು ಮುಚ್ಚಿ ಸಹಿ ಮಾಡಬಾರ್ದು,” ಎಂದರು ಮಾಸ್ತರು. ಅವನು ಎದುರಿನ ಅಂಗಡಿಗೆ ಹೋದ. ಅವನ ಹಿಂದೆ ಬಹಳ ಜನ ಹೋದರು.

ನನಗೆ ಮಾತ್ರ ಆ ಪುರಾಣದ ಋಣವಿತ್ತು. ಒಂದು ಸಲ ನನ್ನ ಮೊಬೈಲಿಗೆ, ಇವತ್ತೇ ಕರೆಂಟ್ ಕಟ್ ಮಾಡುತ್ತೇವೆ, ಇಲ್ಲಿ ಒತ್ತಿ ಎಂದು ಸಂದೇಶ ಬಂದಿತ್ತು. ಹೆದರಿ ಅವರಲ್ಲಿಗೆ ಓಡಿ, ಅವರ ಕಂಪ್ಯೂಟರಿನಲ್ಲಿ ಅದೇ ವಿಳಾಸ ತೆಗೆಸಿದೆ. ಕೆಂಪು ಬಂತು. ‘ಒತ್ರಿ, ಒತ್ರಿ, ಕತ್ತಲಾಗ ಕೂಡಬೇಕಾಗತೈತಿ’ ಎಂದು ನಾನೇ ಮೌಸಿಗೆ ಕೈ ಹಾಕಿದಾಗ ಮಾಸ್ತರು ನನ್ನ ಮಣಿಕಟ್ಟು ಹಿಡಿದು ಪಕ್ಕಕ್ಕಿಟ್ಟರು. “ಬಿಲ್ ಕಟ್ಟೀಯೇನು?” “ಕಟ್ಟೀನ್ರಿ.” “ಮತ್ತ ಯಾರಿಗೆ ಅಂಜಾಕತ್ತಿ?” ಅದೇ ವಾರ ನಮ್ಮ ಕಾಲೇಜಿನ ಇಬ್ಬರು ಅದೇ ಸಂದೇಶವನ್ನು ನಂಬಿ ಖಾತೆ ಬರಿದು ಮಾಡಿಕೊಂಡರು.

ಅದಕ್ಕೇ ತಂಗಿಗೆ, ನಿಮಗೆ ಹತ್ತಿರದ ಹಗರಿಬೊಮ್ಮನಹಳ್ಳಿಯಲ್ಲಿ ಎಷ್ಟು ಅಂಗಡಿ ಇದ್ದರೂ ನೀನು ಕೊಟ್ಟೂರಿಗೇ ಬಾ ಎಂದಿದ್ದೆ. ಅವಳು ನಮ್ಮ ಮನೆಯ ಕೊನೆಯವಳು. ಗಂಡ ಹೋದ ಮೇಲೆ ತಂಬ್ರಹಳ್ಳಿಯಲ್ಲಿ ಹೊಲಿಗೆ ಯಂತ್ರ ತುಳಿದು ಮಗಳನ್ನು ಓದಿಸುತ್ತಿದ್ದಳು. ಎರಡು ಬಸ್ಸು ಬದಲಾಯಿಸಿ ಬಂದು, ಫೈಲನ್ನು ಎದೆಗೆ ಒತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ಬೆಳಗಿನಿಂದ ಇಲ್ಲದ ಕರೆಂಟು ಆಗಷ್ಟೇ ಬಂದಿತ್ತು. ಗಂಟೆ ನಾಲ್ಕಾಗಿತ್ತು.

“ಹತ್ತು ನಿಮಿಷ ತಡಿಯಪಾ,” ಎಂದರು ಮಾಸ್ತರು, ಕನ್ನಡಕ ಪರದೆಗೆ ತಾಗುವಷ್ಟು ಬಾಗಿ. “ಕೆಳಗ ಸಣ್ಣ ಅಕ್ಷರದಾಗ ಏನೋ ಬರದೈತಿ.”

“ಇದು ಸರ್ಕಾರದ್ದ ಐತ್ರಿ. ಒತ್ರಿ, ಜವಾಬ್ದಾರಿ ನಂದು.”

“ಕಾಗದ ಈ ಯವ್ವಂದು, ಜವಾಬ್ದಾರಿ ನಿಂದ್ಹೆಂಗಾತು?”

“ಅಣ್ಣಾ, ಹತ್ತು ನಿಮಿಷ ತಾನೆ, ಕೂಡೂಣು ತಡಿ,” ಎಂದಳು ತಂಗಿ.

ನಾನು ತಡೆಯಲಿಲ್ಲ. ಅವಳ ಕೈಯಿಂದ ಫೈಲು ಕಸಿದುಕೊಂಡೆ. “ನೀವು ಓದ್ಕೋತ ಕುಂದರ್ರಿ ಮಾಸ್ತರ. ನೀವು ಓದಿ ಮುಗಸೋದ್ರಾಗ ಆಕಿಗೆ ವಯಸ್ಸು ಮೀರತೈತಿ,” ಎಂದೆ. ಮೂವತ್ತು ವರ್ಷದಲ್ಲಿ ಅವರೆದುರು ನಾನು ದನಿ ಎತ್ತಿದ್ದು ಅದೊಂದೇ ಸಲ. ಅದೂ ಬೀದಿಗೆ ಕೇಳುವಷ್ಟು.

ಎದುರಿನ ಅಂಗಡಿಯಲ್ಲಿ ಅದೇ ವೆಬ್‌ಸೈಟು ತೆಪ್ಪಗೆ ತೆರೆದುಕೊಂಡಿತು. ಕೆಂಪಿಲ್ಲ, ಎಚ್ಚರಿಕೆಯಿಲ್ಲ. ಇಪ್ಪತ್ತು ನಿಮಿಷದಲ್ಲಿ ಅರ್ಜಿ ಹೋಯಿತು. ಪ್ರಿಂಟು ಹಿಡಿದು ಹೊರಗೆ ಬಂದರೆ ಮಾಸ್ತರು ತಮ್ಮ ಮೆಟ್ಟಿಲ ಮೇಲೆ ನಿಂತು, ಕನ್ನಡಕ ಹಣೆಗೇರಿಸಿ ಕೈ ಬೀಸುತ್ತಿದ್ದರು. “ಬಾರಪಾ, ಸಿಕ್ತು! ತಾರೀಖು ತಪ್ಪಿತ್ತು. ಕರೆಂಟ್ ಹೋದಾಗ ನಮ್ಮ ಕಂಪ್ಯೂಟರ್ ಹದಿನೈದು ವರ್ಷ ಹಿಂದಕ್ಕ ಹೋಗಿ ಕುಂತೈತಿ. ತಾರೀಖು ನೆನಪಿಡೋ ಒಳಗಿನ ಸೆಲ್ ಸತ್ತೈತಿ. ಇವತ್ತಿನ ಚೀಟಿ ಅದರ ಲೆಕ್ಕದಾಗ ಇನ್ನೂ ಹುಟ್ಟೇ ಇಲ್ಲ! ಈಗ ಸರಿ ಮಾಡೀನಿ, ಬರ್ರಿ.”

ಆಗ ತಂಗಿಯ ಕೈಯಲ್ಲಿದ್ದ ಪ್ರಿಂಟು ಅವರ ಕಣ್ಣಿಗೆ ಬಿತ್ತು. ಬೀಸುತ್ತಿದ್ದ ಕೈ ನಿಂತಿತು. “ಓ, ಆತೇನು? ಚಲೋ ಆತು ಬಿಡು,” ಎಂದು ಒಳಗೆ ಹೋದರು.

ಮರುದಿನ ಹೋಗಿ ತಪ್ಪಾಯಿತು ಎನ್ನಬೇಕಿತ್ತು. ನನ್ನ ಪಟ್ಟಿಗೆ ಅದೂ ಸೇರಿತು. ಬೈದರೆ? ಬೈಯದೆ ಸುಮ್ಮನೆ ನೋಡಿದರೆ? ಅದೇನೂ ಆಗದೆ ಚಹಾ ತರಿಸಿದರೆ? ಕೊನೆಯದಕ್ಕೇ ಹೆಚ್ಚು ಹೆದರಿ, ಕಾಲೇಜಿಗೆ ಹಿಂದಿನ ಓಣಿ ಸುತ್ತಿ ಹೋಗತೊಡಗಿದೆ. ಮೂರು ತಿಂಗಳಿಗೆ ಆಯ್ಕೆ ಪಟ್ಟಿ ಬಂತು. ತಂಗಿಯ ಹೆಸರಿತ್ತು. ಅವಳು ಫೋನಿನಲ್ಲಿ ಅಳುತ್ತಲೇ ಕೇಳಿದಳು, “ಮಾಸ್ತರಿಗೆ ಹೇಳಿದ್ಯಾ?” ಹೇಳೀನಿ ಎಂದೆ. ನಾಳೆ ಹೇಳಿದರಾಯಿತು, ಸುಳ್ಳು ತಾನಾಗಿ ನಿಜವಾಗುತ್ತದೆ ಎಂದುಕೊಂಡೆ. ಆ ನಾಳೆ ಬರಲಿಲ್ಲ. ಅವರು ಅಂಗಡಿಗೆ ಬರುವುದು ನಿಂತಿದೆ ಎಂಬುದೂ ಓಣಿ ಸುತ್ತುವ ನನಗೆ ತಿಳಿಯಲಿಲ್ಲ.

ಮಾಸ್ತರು ತೀರಿಕೊಂಡು, ಮಣ್ಣು ಮುಗಿದ ಮರುದಿನ ಅವರ ಮನೆಗೆ ಹೋದೆ. ಹರಪನಹಳ್ಳಿಯಿಂದ ಬಂದಿದ್ದ ಮಗಳು ಪಡಸಾಲೆಯಲ್ಲಿ ಕೂತಿದ್ದಳು. ನನ್ನ ಪರಿಚಯ ಹೇಳಿಕೊಂಡೆ.

“ಕಾಲೇಜಿನೋರು ನೀವೇನಾ? ನಿಮ್ಮ ತಂಗಿ ವಿಷಯ ಅಪ್ಪ ಭಾಳ ಸಲ ತೆಗೀತಿದ್ರು,” ಎಂದಳು. “ಒಂದ್ ಫೋನ್ ಮಾಡಿ ಕೇಳಪ್ಪಾ ಅಂದೆ. ‘ಕೆಲಸ ಸಿಕ್ಕಿರಂಗಿಲ್ಲವ್ವಾ. ಸಿಕ್ಕಿದ್ರ ಅವನು ಹೇಳ್ದ ಇರ್ತಿದ್ದಿಲ್ಲ. ನನ್ನ ಕಂಪ್ಯೂಟರಿನಿಂದ ತಡ ಆತು ಆ ಹುಡುಗಿಗೆ, ಅವಸರದಾಗ ಅರ್ಜಿ ತಪ್ಪಿರಬೇಕು’ ಅಂತಿದ್ರು.”

ಆಕೆ ನೀರಿನ ಲೋಟ ನನ್ನ ಮುಂದಿಟ್ಟಳು.

“ಸಿಕ್ತಾ ಸಾರ್?”

“ಸಿಕ್ಕೈತವ್ವಾ,” ಎಂದೆ. “ಐದು ತಿಂಗಳಾತು.”