ಅಯ್ಯುಬರು ಕಟ್ಟಿದ ಗಾಡಿಮನೆ

ಅಯ್ಯುಬರು ಬೀದರ್ ಹತ್ತಿರದ ಕೊಳಾರದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಬಸ್ಸುಗಳಿಗೆ ಬಾಡಿ ಕಟ್ಟಿದವರು. ಅವರು ಬೆಸುಗೆ ಹಾಕಿದ ಬಸ್ಸುಗಳು ಎಲ್ಲೆಲ್ಲಿಗೋ ಓಡಿದವು. ಅವರು ಮಾತ್ರ ಹೆಂಡತಿಯನ್ನು ಹೈದರಾಬಾದಿನ ಆಚೆಗೆ ಕರೆದೊಯ್ದಿರಲಿಲ್ಲ. ರಿಟೈರ್ ಆದ ಮೇಲೆ ತಿರುಗೋಣ ಎನ್ನುತ್ತಿದ್ದರು. ಅದಕ್ಕೆ ಎರಡು ವರ್ಷ ಇರುವಾಗ ಹೆಂಡತಿ ಬದರುನ್ನಿಸಾ ಅವರ ಕಿಡ್ನಿಗಳು ಕೈಕೊಟ್ಟವು.

ಆಸ್ಪತ್ರೆಯವರು ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್ ಕಲಿಸಿದರು. ದಿನಕ್ಕೆ ನಾಲ್ಕು ಸಲ, ಹೊಟ್ಟೆಗೆ ಹಾಕಿದ ನಳಿಕೆಯಿಂದ ಹಳೆಯ ದ್ರವ ಹೊರಬಿಟ್ಟು ಹೊಸದನ್ನು ತುಂಬಿಕೊಳ್ಳಬೇಕು. ಬಾಗಿಲು ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಕೈ ತಿಕ್ಕಿ ತೊಳೆದು, ಮಾಸ್ಕ್ ಹಾಕಿಕೊಂಡು ಅರ್ಧ ತಾಸು ಕೂರಬೇಕು. ಸ್ವಲ್ಪ ಹೊಲಸು ಸೇರಿದರೂ ಸೋಂಕು. ಬದರುನ್ನಿಸಾ ಒಂದು ಸಲವೂ ತಪ್ಪಿಸಲಿಲ್ಲ. ಆದರೆ ಮನೆಯಿಂದ ಹೊರಬೀಳುವುದು ನಿಂತುಹೋಯಿತು. ಔರಾದಿನಲ್ಲಿರುವ ತಂಗಿ ಅನ್ವರಿ ಬೇಗಂಳ ಮಗಳು ಅರ್ಶಿಯಾಳ ಮದುವೆಯನ್ನೂ ಫೋನಿನಲ್ಲೇ ನೋಡಿದರು.

"ಹೊರಗ ನನಗೊಂದು ಚೊಕ್ಕ ಕೋಲಿ ಸಿಕ್ಕಿದ್ರ ಸಾಕಿತ್ತು" ಎಂದರು ಅವತ್ತು.

ಅಯ್ಯುಬರು ಒಂದು ಹಳೆಯ ಸ್ಕೂಲ್ ವ್ಯಾನ್ ತಂದರು. ಎಂಟು ತಿಂಗಳು, ರಜೆ ಸಿಕ್ಕಾಗಲೆಲ್ಲ ಅದರೊಳಗೇ ಇದ್ದರು. ಮುಂದೆ ಮಂಚ, ಒಲೆ, ಶೌಚಾಲಯ. ಹಿಂದೆ ಬದರುನ್ನಿಸಾ ಕೇಳಿದ್ದ ಚೊಕ್ಕ ಕೋಲಿ, ಪುಟ್ಟ ಮುಚ್ಚಿದ ಕೋಣೆ. ಅದರಲ್ಲಿ ಮೊಣಕೈಯಿಂದ ತಿರುಗಿಸುವ ನಲ್ಲಿ, ದ್ರವದ ಚೀಲ ತೂಗಿಸಲು ಕೊಂಡಿ, ದೊಡ್ಡದೊಂದು ಗಾಜಿನ ಕಿಟಕಿ.

ಗಾಡಿಯ ಪರೀಕ್ಷೆಗೆಂದು ಮೊದಲು ಭಾಲ್ಕಿ ಕಡೆ ಹೊರಟರು. ಊರಾಚೆ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದರು. ಬದರುನ್ನಿಸಾ ಬಿಳಿ ಬಟ್ಟೆಯಿಂದ ಮೇಜು ಒರೆಸಿ ಗಂಡನಿಗೆ ತೋರಿಸಿದರು. ಬಟ್ಟೆ ಕೆಂಪಾಗಿತ್ತು.

"ಧೂಳ ಅದ ನೋಡ್ರಿ."

"ಸ್ವಲ್ಪೇ ಅದ. ಒರಸಿ ಬಿಡ್ತೇನಿ."

"ಒರಸಿದ್ರ ಮತ್ತ ಏಳ್ತದ. ಮನಿಗಿ ನಡೀರಿ, ಮುಂದಿನ ಸಲಕ್ಕ ಇನ್ನಾ ಟೈಮ್ ಅದ."

ಗಾಡಿಯನ್ನು ಬೀದರಿನ ಮನೆಗೆ ತಿರುಗಿಸಿದರು. ಇನ್ನು ಇವಳು ಈ ಗಾಡಿ ಹತ್ತುವುದಿಲ್ಲ ಎಂದುಕೊಂಡರು ಅಯ್ಯುಬರು. ಮರುದಿನ ಬೆಳಿಗ್ಗೆ ನೋಡಿದರೆ ಬದರುನ್ನಿಸಾ ಸೀಮೆಸುಣ್ಣ ಹಿಡಿದು ಗಾಡಿಯೊಳಗೆ ಕೂತಿದ್ದರು.

"ಹೊರಗಿಂದ ಪೈಪಿಲೆ ನೀರ್ ಹೊಡೀರಿ. ಎಲ್ಲಿ ಒಳಗ ಬರ್ತದೋ ಅಲ್ಲಿ ನಾ ಗುರ್ತ ಮಾಡ್ತೇನಿ."

ಹನ್ನೊಂದು ಕಡೆ ಗುರುತು ಬಿತ್ತು. ಇಪ್ಪತ್ತೆಂಟು ವರ್ಷ ಪಳಗಿದ ಕಣ್ಣಿಗೂ ಕಾಣದ ಸಂದುಗಳು ಅವು. ಅಯ್ಯುಬರು ಒಂದೊಂದಕ್ಕೂ ಹೊಸ ರಬ್ಬರ್ ಪಟ್ಟಿ ಕೂರಿಸಿದರು. ಆಸ್ಪತ್ರೆಯ ನರ್ಸ್ ಶಶಿಕಲಾ ಬಂದು ಮೂಲೆಮೂಲೆ ನೋಡಿ, "ಹೋಗಿ ಬರ್ರಿ. ಆದ್ರ ಗಾಡಿ ನಿಲ್ಲಿಸಿದ ಮ್ಯಾಲೇ ಮಾಡ್ಕೋರಿ" ಎಂದರು.

ಔರಾದಿನಲ್ಲಿ ತಂಗಿಯ ಅಂಗಳದಲ್ಲಿ ಮೂರು ದಿನ ಗಾಡಿ ನಿಂತಿತು. ಮೊದಲ ದಿನ ಬದರುನ್ನಿಸಾ ಡಯಾಲಿಸಿಸ್ ಮುಗಿಸಿ ಇಳಿಯುವ ತನಕ ಅನ್ವರಿ ಬೇಗಂ ಬಾಗಿಲ ಹೊರಗೇ ನಿಂತಿದ್ದಳು.

"ಆಪಾ, ಈಗರ ಮನ್ಯಾಗ ಬರ್ತೀ?"

"ಬರ್ತೇನಿ. ಇನ್ನ ನಾಕ ತಾಸ ನಿನ್ನ ಮನ್ಯಾಗೇ ಇರ್ತೇನಿ."

ಅರ್ಶಿಯಾ ದೊಡ್ಡಮ್ಮನಿಗಾಗಿ ಮದುವೆಯ ಬಟ್ಟೆ ಮತ್ತೆ ಉಟ್ಟು ಬಂದಳು. ಬದರುನ್ನಿಸಾ ಅವಳ ಮುಖ ಹಿಡಿದುಕೊಂಡು ಅತ್ತರು.

ಕಳೆದ ಚಳಿಗಾಲದಲ್ಲಿ ಹನ್ನೆರಡು ದಿನದ ಸಾಮಾನು ಮಂಚದ ಕೆಳಗೆ ತುಂಬಿಕೊಂಡು ಕೊಂಕಣದ ತೀರಕ್ಕೆ ಹೋದರು. ಬೆಳಗಿನ ಆ ಅರ್ಧ ತಾಸು ಬದರುನ್ನಿಸಾ ಗಾಜಿನಾಚೆ ಸಮುದ್ರ ನೋಡುತ್ತ ಕೂತರು. ಅವರು ಸಮುದ್ರ ಕಂಡದ್ದು ಅದೇ ಮೊದಲು. ಇಂದಿನವರೆಗೆ ಒಮ್ಮೆಯೂ ಸೋಂಕು ತಗುಲಿಲ್ಲ.

ಮೊನ್ನೆ ಕಮಠಾಣದಿಂದ ಹಾವಗೆಪ್ಪ ಎಂಬವರು ಹೆಂಡತಿ ಅನುಸೂಯಾಬಾಯಿಯೊಂದಿಗೆ ಗಾಡಿ ನೋಡಲು ಬಂದಿದ್ದರು. ಆ ತಾಯಿಗೂ ಇದೇ ಚಿಕಿತ್ಸೆ; ಅವರ ಮನೆಯಲ್ಲೂ ಒಂದು ಹಳೆಯ ವ್ಯಾನ್ ಇತ್ತು.

"ಅಂಜಿಕಿ ಬರಂಗಿಲ್ಲೇನ್ರಿ ನಿಮಗ?" ಎಂದು ಆಕೆ ಕೇಳಿದರು.

"ಬರ್ತದರಿ. ಅಂಜ್ಕೋತೇ ಹೋಗಿ ಬಂದೇನಿ" ಎಂದರು ಬದರುನ್ನಿಸಾ, ಆಕೆಯನ್ನು ಒಳಗೆ ಕೂರಿಸುತ್ತ.

ಹೊರಗೆ ಅಯ್ಯುಬರು ಹಾವಗೆಪ್ಪನವರಿಗೆ ಹೇಳುತ್ತಿದ್ದರು: "ಶುಕ್ರವಾರ ನಿಮ್ಮ ಗಾಡಿ ತಂದು ಬಿಡ್ರಿ. ಮುಂದಿಂದು ನಾ ನೋಡ್ಕೋತೇನಿ."