ತಂಗಿಯನ್ನು ಹುಡುಕಿ ಬಂದ ಮಾನಮ್ಮ

ಐವತ್ತೆಂಟು ತುಂಬುವವರೆಗೆ ಮಾನಮ್ಮ ಕಂಡ ದೊಡ್ಡ ಊರೆಂದರೆ ಯಾದಗಿರಿ ಒಂದೇ. ಗಂಡ ನಿಂಗಣ್ಣ ತೀರಿಹೋಗಿ ಇಪ್ಪತ್ತು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ತನ್ನವಳು ಅಂತ ಉಳಿದವಳು ತಂಗಿ ಸಾಬಮ್ಮ. ಅವ್ವ ಸತ್ತಾಗ ಸಾಬಮ್ಮ ಇನ್ನೂ ಮೊಲೆ ಬಿಡದ ಕೂಸು. ಹದಿಮೂರರ ಮಾನಮ್ಮ ಅವಳನ್ನು ಸೊಂಟಕ್ಕೇರಿಸಿಕೊಂಡೇ ಹತ್ತಿ ಬಿಡಿಸಿದಳು, ಆಮೇಲೆ ಒಬ್ಬ ವಕೀಲ ಸಾಹೇಬರ ಮನೆಯಲ್ಲಿ ಹತ್ತು ವರ್ಷ ರೊಟ್ಟಿ ಬಡಿದಳು. ಆ ಮನೆಯಲ್ಲಿ ಕಿವಿಗೆ ಬಿದ್ದ ಉರ್ದು ಅವಳ ನಾಲಿಗೆಗೂ ಹತ್ತಿತ್ತು. ಹಾಗೆ ಬೆಳೆಸಿದ ತಂಗಿ, ತಾನೂ ವಿಧವೆಯಾದ ಮೇಲೆ, ಬೆಂಗಳೂರಿಗೆ ಹೋಗಿ ಕಲ್ಯಾಣ ನಗರದ ಕಡೆ ಇಟ್ಟಿಗೆ ಹೊರುವ ಕೆಲಸಕ್ಕೆ ನಿಂತಿದ್ದಳು.

೨೦೦೧ರ ಶ್ರಾವಣದಲ್ಲಿ ಊರಿನ ಎಸ್‌ಟಿಡಿ ಬೂತಿಗೆ ಫೋನ್ ಬಂತು. ಮಾಡಿದವನು ಸಾಬಮ್ಮನ ಜೊತೆಗೇ ಕೆಲಸಕ್ಕಿದ್ದ ಊರಿನ ಬಸು.

"ಅತ್ತಿ, ಸಾಬವ್ವ ಮೂರನೇ ಅಂತಸ್ತಿನ ಮ್ಯಾಲಿಂದ ಬಿದ್ದಾಳ. ಶಿವಾಜಿನಗರದ ಕಡೆ ದೊಡ್ಡ ದವಾಖಾನ್ಯಾಗ ಹಾಕ್ಯಾರ. ಲಗೂ ಬಾ, ನಾ ಸ್ಟೇಷನ್ನಿಗೆ ಬರ್ತೀನಿ."

ಜೀವ ಐತೇನೋ ಎಂದು ಅವಳು ಕೇಳುವಷ್ಟರಲ್ಲಿ ಲೈನ್ ಕಡಿದುಹೋಯಿತು.

ಉತ್ತರ ಸಿಗದ ಆ ಪ್ರಶ್ನೆಯನ್ನೇ ಮಡಿಲಲ್ಲಿಟ್ಟುಕೊಂಡು ಮಾನಮ್ಮ ಜೀವಮಾನದಲ್ಲಿ ಮೊದಲ ಸಲ ಒಬ್ಬಳೇ ರೈಲು ಹತ್ತಿದಳು. ಬಾಗಿಲ ಪಕ್ಕ ಕುಕ್ಕರುಗಾಲಲ್ಲಿ ಕೂತೇ ರಾತ್ರಿ ಕಳೆದಳು. ಬೆಳಿಗ್ಗೆ ಯಾರೋ "ಬೆಂಗಳೂರು ಬಂತು" ಅಂದದ್ದೇ ತಡ, ಗಂಟು ಎತ್ತಿಕೊಂಡು ಇಳಿದುಬಿಟ್ಟಳು. ಅದು ಕಂಟೋನ್ಮೆಂಟ್ ಸ್ಟೇಷನ್. ಬಸು ಕಾಯುತ್ತಿದ್ದದ್ದು ಅದರ ಮುಂದಿನ ದೊಡ್ಡ ಸ್ಟೇಷನ್ನಿನಲ್ಲಿ. ಅದು ಅವಳಿಗೆ ಗೊತ್ತಾದದ್ದು ಸಂಜೆಗೆ.

ಒಂದು ತಾಸು ಕಾದಳು. ಪ್ಲಾಟ್‌ಫಾರಂ ಖಾಲಿಯಾಯಿತು. ಹೊರಗೆ ಬಂದು ಆಟೋದವನೊಬ್ಬನನ್ನು ಕೇಳಿದಳು. "ತಮ್ಮಾ, ಶಿವಾಜಿನಗರದ ದವಾಖಾನಿ ಎಲ್ಲಿ ಬರ್ತೈತ್ರಿ?"

ಅವನು ಪಕ್ಕದವನ ಕಡೆ ತಿರುಗಿದ. "ಏನ್ ಕೇಳ್ತಾವ್ರೆ ಗುರು ಇವ್ರು? ದುಕಾನಾ?"

ಪಕ್ಕದವನು ತಮಿಳಿನಲ್ಲಿ ಏನೋ ಅಂದ. ಇಬ್ಬರೂ ನಕ್ಕರು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲವೇನೋ; ಆದರೆ ಮಾನಮ್ಮ ಗಂಟನ್ನು ಅವಚಿಕೊಂಡು ಹಿಂದೆ ಸರಿದಳು. ಕನ್ನಡದ ನಾಡಿನಲ್ಲೇ ತನ್ನ ಮಾತು ಯಾರಿಗೂ ತಿಳಿಯದೆ ಹೋದರೆ ಇನ್ನು ಯಾರನ್ನು ಕೇಳುವುದು? ಶಿವಾಜಿನಗರ ಎಂದು ಅವರು ಕೈ ತೋರಿಸಿದ ಕಡೆ ನಡೆದಳು. ರಸ್ತೆ ದಾಟಲು ಹೋದಾಗ ಬಸ್ಸೊಂದು ಸೆರಗಿಗೆ ಗಾಳಿ ಹೊಡೆದುಕೊಂಡು ಹೋಯಿತು. ಡ್ರೈವರ್ ಬೈದದ್ದು ಯಾವ ಭಾಷೆಯೋ. ಅಂತೂ ಶಿವಾಜಿನಗರದ ಬಸ್ ನಿಲ್ದಾಣ ಮುಟ್ಟುವ ಹೊತ್ತಿಗೆ ಬಾಯಿ ಒಣಗಿ, ಕಂಬ ಹಿಡಿದು ನಿಂತವಳು ಅದನ್ನು ಬಿಡಲು ಹೆದರಿದಳು. ಬಿಟ್ಟರೆ ಈ ಜನ ತನ್ನನ್ನು ಕೊಚ್ಚಿಕೊಂಡು ಹೋಗುತ್ತಾರೆ ಅನ್ನಿಸಿತು.

"ದವಾಖಾನಿ, ದವಾಖಾನಿ" ಎಂದು ತನ್ನಷ್ಟಕ್ಕೇ ಅನ್ನುತ್ತಿದ್ದಳು.

"ದವಾಖಾನಾ? ಕೌನ್ಸಾ ದವಾಖಾನಾ, ಮಾ?"

ಬುರ್ಖಾ ತೊಟ್ಟ ಹೆಂಗಸು. ಐವತ್ತರ ಆಸುಪಾಸು, ಕಂಕುಳಲ್ಲಿ ಹೊಲಿದ ರವಿಕೆಗಳ ಗಂಟು. ಮಾನಮ್ಮನ ಬಾಯಿಂದ ಮೂವತ್ತು ವರ್ಷದ ಹಿಂದಿನ ಉರ್ದು ಅಳುವಿನ ಜೊತೆಗೇ ಉಕ್ಕಿ ಬಂತು. ತಂಗಿ ಬಿದ್ದಿದ್ದಾಳೆ, ಇದ್ದಾಳೋ ಇಲ್ಲವೋ ಗೊತ್ತಿಲ್ಲ, ಕರೆದೊಯ್ಯುವವನು ಬಂದಿಲ್ಲ. ಹೆಂಗಸು ಎಲ್ಲ ಕೇಳಿ, ಗಂಟನ್ನು ಇನ್ನೊಂದು ಕಂಕುಳಿಗೆ ಬದಲಿಸಿ, ಅವಳ ಮುಂಗೈ ಹಿಡಿದಳು. ಹೆಸರು ಉಮ್ಮೆ ಕುಲ್ಸುಂ. ರವಿಕೆಗಳನ್ನು ಅಂಗಡಿಗೆ ಮುಟ್ಟಿಸಲು ಹೊರಟಿದ್ದವಳು ಮಾನಮ್ಮನ ಜೊತೆ ಆಸ್ಪತ್ರೆಯ ದಾರಿ ಹಿಡಿದಳು.

ಅಲ್ಲಿ ರಿಜಿಸ್ಟರ್ ನೋಡಿದವನು ರಾಮಾಂಜಿನಪ್ಪ ಎಂಬ ವಯಸ್ಸಾದ ಅಟೆಂಡರ್. ಬೆರಳು ಮೇಲಿಂದ ಕೆಳಗೆ ಇಳಿಯಿತು, ಮತ್ತೆ ಮೇಲೆ ಹೋಯಿತು.

"ಸಾಬಮ್ಮನಾ? ಅಂಥ ಹೆಸ್ರೇ ಇಲ್ವಲ್ಲಮ್ಮ. ಸಾಬರ ಪೈಕಿನಾ?"

"ಅಲ್ರೀ. ನಮ್ಮ ಕಡಿ ಹಂಗ ಇಡ್ತಾರ್ರೀ."

ಅವನು ಪುಸ್ತಕ ಮುಚ್ಚಿದ. ಮಾನಮ್ಮನನ್ನು ಬಿಟ್ಟು ಉಮ್ಮೆ ಕುಲ್ಸುಂ ಕಡೆ ನೋಡಿ ದನಿ ತಗ್ಗಿಸಿದ. "ಮೊನ್ನೆ ಬಿಲ್ಡಿಂಗಿಂದ ಬಿದ್ದಿರೋ ಹೆಂಗಸು ಒಬ್ರು ಅವ್ರೆ. ಹೆಸ್ರು ಗೊತ್ತಿಲ್ಲ, ಕೇಳ್ಕೊಂಡು ಯಾರೂ ಬಂದಿಲ್ಲ. ವಾರ್ಡಲ್ಲಿ ಅಲ್ಲ. ಹಿಂದ್ಗಡೆ."

ಹಿಂದುಗಡೆ ಎಂದರೇನೆಂದು ಮಾನಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅಂಗಳದಲ್ಲಿ ಎಷ್ಟು ಹೆಜ್ಜೆ ನಡೆದಳೋ, ಅಷ್ಟೂ ಹೆಜ್ಜೆ ಒಂದೇ ಮಾತು: "ನಾನಽ ಕಳಿಸಿದೆ. ಹೋಗು ಅಂತ ನಾನಽ ಅಂದೆ." ತಣ್ಣನೆಯ ಕೋಣೆಯಲ್ಲಿ ಅಟೆಂಡರ್ ಹೆಣದ ಮೇಲಿನ ಬಟ್ಟೆಗೆ ಕೈ ಹಾಕಿದಾಗ ಅವಳು ಕಣ್ಣು ಮುಚ್ಚಿಕೊಂಡಳು.

"ಮಾರಿ ಬ್ಯಾಡ್ರಿ. ಕೈ ತೋರಸ್ರಿ."

ಅವನು ಮುಖ ಬಿಟ್ಟು ಪಕ್ಕದಿಂದ ಬಟ್ಟೆ ಸರಿಸಿದ. ಬಹಳ ಹೊತ್ತಿನ ಮೇಲೆ ಅವಳು ಕಣ್ಣು ತೆರೆದಳು. ಸುಣ್ಣ ಸಿಮೆಂಟು ಹತ್ತಿದ ಕೈ. ಆ ಕೈತುಂಬ ಹಸಿರು ಗಾಜಿನ ಬಳೆ. ಸಾಬಮ್ಮ ಬಳೆ ಒಡೆದು ಆರು ವರ್ಷವಾಗಿತ್ತು.

"ಅಕಿ ಅಲ್ಲ" ಎಂದಳು. "ಅಕಿ ಅಲ್ರೀ, ಯಪ್ಪಾ, ಅಕಿ ಅಲ್ಲ!" ಎದೆಯಲ್ಲಿ ಏನೋ ಕುಣಿದಂತಾಯಿತು, ಮರುಗಳಿಗೆಯೇ ಆ ಕುಣಿತಕ್ಕೆ ಅವಳಿಗೇ ನಾಚಿಕೆಯಾಯಿತು. ಈ ಬಳೆ ತೊಡಿಸಿದವರು ಯಾವ ಊರಲ್ಲಿ ಕಾಯುತ್ತಿದ್ದಾರೋ. ಅವಳೇ ಬಾಗಿ ಆ ಕೈಯನ್ನು ಒಳಗೆ ಸರಿಸಿ, ಬಟ್ಟೆ ಹೊದಿಸಿದಳು.

ಹೊರಗೆ ಬಂದು ಗೋಡೆಗೊರಗಿ ಕೂತಳು. ತಂಗಿ ಇಲ್ಲಿ ಇಲ್ಲದಿದ್ದರೆ ಎಲ್ಲಿ? ಹೆದರಿಕೆ ಮತ್ತೆ ಮೊದಲಿನಿಂದ ಶುರುವಾಯಿತು. ಉಮ್ಮೆ ಕುಲ್ಸುಂ ಅವಳನ್ನು ಎಬ್ಬಿಸಿದಳು. ಪುಸ್ತಕದಲ್ಲಿ ಇಲ್ಲದಿದ್ದರೇನು, ಹೆಂಗಸರ ವಾರ್ಡುಗಳನ್ನು ಒಂದೊಂದಾಗಿ ನೋಡೋಣ ಎಂದಳು.

ಎರಡನೇ ವಾರ್ಡಿನಲ್ಲಿ ಮಾನಮ್ಮನಿಗೆ ತಡೆಯಲಾಗಲಿಲ್ಲ. ಹೊಲದ ಆಚೆ ಬದುವಿಗೆ ಕೇಳಿಸುವಂತೆ ಕೂಗಿದಳು. "ಸಾಬೀ! ಏ ಸಾಬೀ!"

ನರ್ಸ್ ಸುಮ್ಮನಿರಿ ಎಂದು ಗದರಿದಳು. ಕಿಟಕಿಯ ಪಕ್ಕದ ಹಾಸಿಗೆಯಿಂದ, ಕಟ್ಟಿ ಎತ್ತಿದ ಕಾಲಿನ ಆಚೆಯಿಂದ, ಸಣ್ಣ ದನಿ ಬಂತು. "ಯಕ್ಕಾ."

ಕಂಟ್ರಾಕ್ಟರನ ಮೇಸ್ತ್ರಿಯ ಕಿವಿಗೆ ಸಾಬಮ್ಮ ಎಂಬಂಥ ಹೆಸರು ಎಂದೂ ಬಿದ್ದಿರಲಿಲ್ಲ. ಅವನು ಆಸ್ಪತ್ರೆಯ ಪುಸ್ತಕದಲ್ಲಿ ಸುಬ್ಬಮ್ಮ ಎಂದು ಹೇಳಿ ಬರೆಸಿ ಹೋಗಿದ್ದ. ಸಾಬಮ್ಮನ ತೊಡೆಯ ಮೂಳೆ, ಎರಡು ಪಕ್ಕೆಲುಬು ಮುರಿದಿದ್ದವು. ಮಾನಮ್ಮ ಅವಳ ಕೆನ್ನೆ ಹಿಡಿದು ಮೊದಲು ಬೈದಳು. "ಹಡಬಿಟ್ಟಿ, ಹೆಸರರ ನೆಟ್ಟಗ ಹೇಳಬಾರದಾಗಿತ್ತೇನ?" ಆಮೇಲೆ ಅತ್ತಳು. ಸಂಜೆ ಬಸು ಓಡೋಡಿ ಬಂದಾಗ ಅವನಿಗೂ ಬೈಗುಳ ಸಿಕ್ಕಿತು.

ಸಾಬಮ್ಮ ಎರಡು ತಿಂಗಳು ಹಾಸಿಗೆ ಹಿಡಿದಳು. ಮೊದಲ ವಾರ ಉಮ್ಮೆ ಕುಲ್ಸುಂ ದಿನವೂ ಅನ್ನ ಸಾರು ತಂದಳು. ಆ ದಿನ ರವಿಕೆ ತಡವಾಗಿದ್ದಕ್ಕೆ ಅಂಗಡಿಯವನು ಏನಂದ ಎಂದು ಕೇಳಿದರೆ ಮಾತು ಮರೆಸುತ್ತಿದ್ದಳು. ಕುಂಟುವ ತಂಗಿ ಇಟ್ಟಿಗೆ ಹೊರುವುದು ಮುಗಿದಿತ್ತು. ಅಕ್ಕ ತಂಗಿ ಕೆ.ಆರ್.ಪುರದಲ್ಲಿ ಶೀಟಿನ ಕೋಣೆ ಹಿಡಿದು, ತಮ್ಮ ಕಡೆಯಿಂದ ಬಂದ ಕೂಲಿಯವರಿಗೆ ಜೋಳದ ರೊಟ್ಟಿ ಮಾಡಿ ಮಾರಿದರು. ವಿಮಾನಪುರ, ದೊಮ್ಮಲೂರಿನ ಕೆಲಸದ ಜಾಗಗಳಿಗೂ ಆ ರೊಟ್ಟಿ ಹೋಗುತ್ತಿತ್ತು. ಒಯ್ಯುತ್ತಿದ್ದವನು ಬಸು.

ಹತ್ತು ವರ್ಷ ಬಾಳಿದರೂ ಮಾನಮ್ಮನಿಗೆ ಬೆಂಗಳೂರಿನ ಹೆದರಿಕೆ ಹೋಗಲಿಲ್ಲ. ಆದರೂ ಪ್ರತಿ ರಂಜಾನಿಗೆ, ಸಾಬಮ್ಮ ಎಷ್ಟು ಬೇಡವೆಂದರೂ ಕೇಳದೆ, ಉಮ್ಮೆ ಕುಲ್ಸುಂಗೆಂದು ಹತ್ತು ರೊಟ್ಟಿ ಕಟ್ಟಿಕೊಂಡು ಒಬ್ಬಳೇ ಶಿವಾಜಿನಗರದ ಬಸ್ ಹತ್ತುತ್ತಿದ್ದಳು. ಸೀಟಿನ ತುದಿಯಲ್ಲಿ ಕೂತು, ಕಂಡಕ್ಟರನನ್ನು ದಾರಿಯುದ್ದಕ್ಕೂ ಕೇಳುತ್ತಿದ್ದಳು: "ಬಂತೇನ್ರಿ? ಇನ್ನೂ ಬರಲಿಲ್ಲೇನ್ರಿ?"