ಕರುಳಿಗೆ ಕಿವಿಯಿಟ್ಟವಳು

ಎನಿಡ್ ಬೋಲಂಡ್‌ಳ ಮೈಯಲ್ಲಿ ಮುರಿಯದೆ ಉಳಿದ ಮೂಳೆಗಳೇ ಕಡಿಮೆ. ಮುರಿದವುಗಳಲ್ಲಿ ಅರ್ಧ ಕುದುರೆಗಳ ಒದೆತಕ್ಕೆ, ಉಳಿದರ್ಧ ಗಂಡ ಲೆನ್‌ನ ಹೊಡೆತಕ್ಕೆ. ಕುದುರೆಗಳನ್ನು ಅವಳು ಕ್ಷಮಿಸಿದ್ದಳು. ಲೆನ್‌ನ ಮಣಿಕಟ್ಟನ್ನು ಬಾಣಲೆಯಿಂದ ಮುರಿದು ಮನೆ ಬಿಟ್ಟವಳು, ಕ್ವೀನ್ಸ್‌ಲ್ಯಾಂಡಿನ ನಮ್ಮೂರಲ್ಲಿ, ಪುಂಡ ಕುದುರೆ ಸವಾರಿಯ ಪಂದ್ಯ ನಡೆಯುವ ರೋಡಿಯೋ ಅಂಗಳದಲ್ಲಿ ಕುದುರೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು.

ಬೇರೆ ಊರಿನ ಪಂದ್ಯಕ್ಕೆ ಲಾರಿ ಹತ್ತಿಸುವ ಮುಂಚೆ ಪ್ರತಿ ಕುದುರೆಯ ಹೊಟ್ಟೆಗೂ, ಪಾದ್ರಿ ಪಾಪನಿವೇದನೆ ಕೇಳುವಂತೆ, ಕಿವಿಯಿಡುತ್ತಿದ್ದಳು. ಕರುಳಿನ ಗುಡುಗುಡು ಕೇಳಿದರೆ ಮಾತ್ರ ಪ್ರಯಾಣ.

ಆ ಶನಿವಾರ ಮಧ್ಯಾಹ್ನ ಟೀಪಾಟ್ ಎಂಬ ಹೆಣ್ಣುಕುದುರೆ ಲಾರಿ ಹತ್ತಲಿಲ್ಲ. ಮಾಲೀಕ ರಾಯ್ಸ್ ಟ್ರಾಂಟರ್ ಶಾಕ್ ಕೊಡುವ ಕೋಲನ್ನು ಅದರ ಹೊಟ್ಟೆಗೇ ಮತ್ತೆ ಮತ್ತೆ ಚುಚ್ಚಿದ. ಅದು ಒದ್ದ ರಭಸಕ್ಕೆ ಲಾರಿಯ ಹಲಗೆ ಸೀಳಿತು. ಕಬ್ಬಿಣದ ಕಂಬಿಗೆ ಬಡಿದು ಅದರದೇ ತುಟಿ ಹರಿಯಿತು. ರಾಯ್ಸ್‌ನ ಹೊಸ ಬೂಟಿನ ಮೇಲೆ ನೀರುನೀರಾಗಿ ಲದ್ದಿ ಹಾಕಿ, ನಡುಗುತ್ತ ನಿಂತಿತು.

"ಹೊಟ್ಟೆ ಖಾಲಿ ಆಯ್ತಲ್ಲ, ಈಗ ಹತ್ಸು," ಎಂದ ರಾಯ್ಸ್.

ಎನಿಡ್ ಎರಡೂ ಪಕ್ಕೆಗೆ ಕಿವಿಯಿಟ್ಟಳು. ಒಳಗೆ ಮೌನ.

"ಹೆದರಿಕೆಗೆ ಹಿಂದಿನ ಬಾಗ್ಲು ತೆರೆಯತ್ತೆ, ಒಳಗಿನ ಗಿರಣಿ ನಿಲ್ಲತ್ತೆ. ಹನ್ನೆರಡು ಗಂಟೆ ಲಾರೀಲಿ ನಿಲ್ಸಿದ್ರೆ ಸಾಯ್ತಾಳೆ."

"ಯಾವ ಡಾಕ್ಟ್ರು ಹೇಳಿದ್ದು?"

"ಡಾಕ್ಟರ್ ಲೆನ್. ಅವ್ನ ಗಾಡಿ ಸದ್ದು ಕೇಳಿದ್ರೆ ನನ್ನ ಹೊಟ್ಟೇನೂ ಹಿಂಗೇ ಬಾಯ್ಮುಚ್ಕೊಳ್ತಿತ್ತು. ತಿಂದಿದ್ದು ಕಲ್ಲಾಗಿ ಕೂರ್ತಿತ್ತು."

"ಪಕ್ಕಕ್ಕೆ ಸರಿ, ಮುದುಕಿ."

ರಾಯ್ಸ್ ಕೋಲೆತ್ತಿದ. ಎನಿಡ್ ಅದನ್ನು ಹಿಡಿದಳು. ಅವನ ಮುಷ್ಟಿ ಅವಳ ಬಾಯಿಗೆ ಬಿತ್ತು. ಎರಡು ಹಲ್ಲು ಮಣ್ಣಿಗೆ. ಅವಳು ಕೋಲು ಬಿಡಲಿಲ್ಲ. ಅದನ್ನು ಕಿತ್ತುಕೊಂಡು, ರಾಯ್ಸ್‌ನ ಬೆಲ್ಟಿನ ದೊಡ್ಡ ಬೆಳ್ಳಿ ಬಕಲಿಗೇ ಒತ್ತಿದಳು. ಅವನು ಅರಚಿ ಲದ್ದಿಯಲ್ಲಿ ಮಕಾಡೆ ಬಿದ್ದ.

"ನಿನ್ನ ಹೊಟ್ಟೆ ಏನನ್ನತ್ತೆ, ಕಿವಿಯಿಟ್ಟು ಕೇಳ್ಲಾ ಮಾರಾಯ?" ಎಂದಳು, ರಕ್ತ ಉಗಿದು.

ಸುತ್ತ ನಿಂತಿದ್ದ ಕೆಲಸಗಾರರು ನಾವು ಯಾರೂ ಅವನನ್ನು ಎತ್ತಲಿಲ್ಲ. ಎಲ್ಲರ ಕೈಯಲ್ಲೂ ಚಹಾದ ಲೋಟವಿತ್ತು.

ಎನಿಡ್ ಟೀಪಾಟನ್ನು ನೆರಳಿಗೆ ಕರೆದೊಯ್ದಳು. ಜೊತೆಗಿರಲೆಂದು ಒಂದು ಮುದಿ ಕುದುರೆಯನ್ನು ಪಕ್ಕದಲ್ಲಿ ಕಟ್ಟಿ, ಟೀಪಾಟ್‌ನ ಹೊಟ್ಟೆಗೆ ಕಿವಿಯಿಟ್ಟು ನಿಂತಳು. ರಾಯ್ಸ್ ದೂರದಿಂದಲೇ ಅವಳನ್ನು ಕೆಲಸದಿಂದ ತೆಗೆದ. ಅವಳು ತಲೆ ಎತ್ತಲಿಲ್ಲ. ಖಾಲಿಯಿದ್ದ ಇನ್ನೊಂದು ಕಿವಿಗೂ ಆ ಮಾತು ಬಿದ್ದಂತೆ ಕಾಣಲಿಲ್ಲ.

ಮೂರು ತಾಸು ಕಳೆದ ಮೇಲೆ ನನ್ನನ್ನು ಕರೆದಳು. ಕಿವಿಯಿಟ್ಟೆ. ಖಾಲಿ ಟ್ಯಾಂಕಿನಲ್ಲಿ ಹನಿ ಬಿದ್ದಂತೆ ಒಂದು ಸದ್ದು. ಆಮೇಲೆ ದೂರದ ಕಚ್ಚಾ ರಸ್ತೆಯಲ್ಲಿ ಲಾರಿ ಬಂದಂತೆ ಗುಡುಗುಡು. ಕೊನೆಗೆ ಟೀಪಾಟ್ ಬಾಲವೆತ್ತಿ ಉದ್ದನೆಯ ಹೂಸು ಬಿಟ್ಟಿತು.

ಎನಿಡ್ ಹ್ಯಾಟು ತೆಗೆದು ಎದೆಗೊತ್ತಿಕೊಂಡಳು.

"ಹಲ್ಲಿಲ್ದೆ ತಿನ್ನೋಕೆ ಮೆತ್ತಗಿರೋ ಮಾಂಸದ ಪೈ ಏನಾದ್ರೂ ಇದ್ಯಾ? ಹಸಿವಾಗ್ತಿದೆ."